ಎರಡಾದ ರೈಲು



2025ರ ಜುಬಿಲಿ ವರ್ಷದಲ್ಲಿ ರೋಮ್ ಯಾತ್ರೆಗೆ ಹೊರಟಿದ್ದ ದಂಪತಿಗಳಿಬ್ಬರು ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. "ನೀವು ಯೂರೋಪಿನಲ್ಲಿ ರೈಲು ಹತ್ತಿ ಓಡಾಡಿದವರು. ನಮಗೂ ನಾಲ್ಕು ಎಚ್ಚರಿಕೆಯ ಮಾತು ಹೇಳಿ" ಎಂದು ಕೇಳಿದರು. ನಾನು ಉತ್ಸಾಹದಿಂದ ಟಿಕೆಟ್ಟು, ಬೋಗಿ, ಪ್ಲಾಟ್‌ಫಾರ್ಮುಗಳ ವಿಚಾರವನ್ನೆಲ್ಲ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ನನ್ನಾಕೆ ಎಲ್ಲವನ್ನೂ ಕೇಳಿಸಿಕೊಂಡು, ಮನೆಗೆ ಬರುವ ದಾರಿಯಲ್ಲಿ ಮೆಲ್ಲಗೆ, "ಎಲ್ಲ ಹೇಳಿದಿರಿ, ಮುಖ್ಯವಾದದ್ದನ್ನು ಬಿಟ್ಟಿರಿ" ಎಂದಳು. ಅವಳ ಮಾತು ನಿಜ. ಬಿಟ್ಟದ್ದು ಮರೆವಿನಿಂದಲ್ಲ, ಸಂಕೋಚದಿಂದ. ಆ ಸಂಕೋಚವನ್ನು ಇಂದು ಬದಿಗಿಟ್ಟು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನಮ್ಮ ಮಗಳು ಜರ್ಮನಿಯ ಬರ್ಲಿನ್ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. 2019ರ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಅವಳ ಮನೆಗೆ ಹೋಗಿದ್ದೆವು. ಅಲ್ಲಿಗೆ ಹೋಗುವ ಮೊದಲೇ ನನ್ನ ಮನಸ್ಸಿನಲ್ಲಿ ಒಂದು ಆಸೆ ಬಲವಾಗಿ ಬೇರೂರಿತ್ತು. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಮಗೆ ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳು ಮನೆಯ ಬಾಗಿಲಿನಷ್ಟೇ ಪರಿಚಿತವಲ್ಲವೇ? ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಡಿಗಲ್ಲನ್ನಿಟ್ಟ ಈ ದೇವಾಲಯಕ್ಕೆ ಜರ್ಮನಿಯ ಕೊಲೋನ್ ನಗರದ ಪ್ರಧಾನಾಲಯವೇ ಸ್ಫೂರ್ತಿಯೆಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೆ. ನಮ್ಮ ಗೋಪುರಗಳ ಎತ್ತರ 175 ಅಡಿ. ಕೊಲೋನಿನವು 157 ಮೀಟರ್, ಅಂದರೆ ನಮ್ಮದರ ಮೂರು ಪಟ್ಟಿಗೆ ಸ್ವಲ್ಪ ಕಡಿಮೆ. 1248ರಲ್ಲಿ ಆರಂಭವಾದ ಆ ಕಟ್ಟಡ, ನಡುವೆ ಶತಮಾನಗಳ ಕಾಲ ನಿಂತುಹೋಗಿ, 1880ರಲ್ಲಿ ಪೂರ್ಣಗೊಂಡಿತು. ತಂಗಿಯ ಮನೆಯಲ್ಲಿ ಬೆಳೆದವನಿಗೆ ಅಕ್ಕನನ್ನು ಒಮ್ಮೆ ನೋಡಬೇಕೆನಿಸುವಂತೆ, ಆ ದೇವಾಲಯವನ್ನು ಕಣ್ಣಾರೆ ನೋಡಬೇಕೆಂಬ ಹಂಬಲ ನನ್ನದು.

ಮಗಳಿಗೆ ಅಂದು ಕಚೇರಿಯಲ್ಲಿ ತಪ್ಪಿಸಲಾಗದ ಕೆಲಸವಿತ್ತು. "ಶನಿವಾರದವರೆಗೆ ಕಾಯಿರಿ, ಜೊತೆಗೆ ಬರುತ್ತೇನೆ" ಎಂದಳು. ನಾನು ಒಪ್ಪಲಿಲ್ಲ. ಮೂವತ್ತೈದು ವರ್ಷ ಶಾಲೆಯಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವನಿಗೆ ಒಂದು ರೈಲು ಹತ್ತಿ ಇಳಿಯಲು ಮಗಳ ಸಹಾಯ ಬೇಕೇ? ಅವಳು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ನನ್ನ ಫೋನಿಗೆ ಅಲ್ಲಿಯ ಸಿಮ್ ಹಾಕಿಸಿದಳು. "ಅಮ್ಮನ ಫೋನಿಗೂ ಹಾಕಿಸೋಣ" ಎಂದಾಗ, "ನಾವಿಬ್ಬರೂ ಜೊತೆಯಲ್ಲೇ ಇರುತ್ತೇವೆ, ದುಡ್ಡು ಯಾಕೆ ದಂಡ?" ಎಂದು ನಾನೇ ತಡೆದೆ. ಹೊರಡುವ ಹಿಂದಿನ ರಾತ್ರಿ ನನ್ನಾಕೆ ಒಂದು ಚೀಟಿಯಲ್ಲಿ ಮಗಳ ಫೋನ್ ಸಂಖ್ಯೆಯನ್ನು ಬರೆದು, ಅದನ್ನು ಮಡಚಿ ಜಪಸರದ ಪುಟ್ಟ ಚೀಲದೊಳಗೆ ಇಟ್ಟುಕೊಂಡಳು. ಅದನ್ನು ಕಂಡು ನಾನು ನಕ್ಕದ್ದು ನೆನಪಿದೆ. ಪಾಸ್‌ಪೋರ್ಟು, ಟಿಕೆಟ್ಟು, ಹಣ ನನ್ನ ಚೀಲದಲ್ಲಿ. ಚಪಾತಿ, ನೀರು, ನನ್ನ ಸಕ್ಕರೆ ಕಾಯಿಲೆಯ ಮಾತ್ರೆಗಳು ಅವಳ ಚೀಲದಲ್ಲಿ. ಇದೇ ನಮ್ಮ ಮನೆಯ ಹಳೆಯ ವಿಭಾಗ.

ಇಲ್ಲಿ ನನ್ನ ಒಂದು ಸ್ವಭಾವವನ್ನು ಹೇಳಬೇಕು. ನಾನು ಬೇಗ ನಡೆಯುವವನು. ಮದುವೆಯಾದ ಹೊಸದರಲ್ಲೂ ಅಷ್ಟೆ, ದೇವಾಲಯಕ್ಕಾಗಲಿ, ದೇವರಾಜ ಮಾರುಕಟ್ಟೆಗಾಗಲಿ ಹೊರಟರೆ ಹತ್ತು ಹೆಜ್ಜೆ ಮುಂದೆ ನಾನು, ಹಿಂದೆ ಅವಳು. ಅವಳ ಮೊಣಕಾಲು ನೋವು ಆರಂಭವಾದ ಮೇಲೆ ಆ ಹತ್ತು ಹೆಜ್ಜೆ ಇಪ್ಪತ್ತಾಯಿತು. ತಿರುವಿನಲ್ಲಿ ನಿಂತು, ಅವಳು ಹತ್ತಿರ ಬಂದ ಕೂಡಲೇ ಮತ್ತೆ ಮುಂದೆ ಹೊರಡುವುದು ನನ್ನ ರೂಢಿ. ಹೀಗೆ ಮಾಡಿದರೆ ನನಗೆ ವಿಶ್ರಾಂತಿ ಸಿಗುತ್ತದೆಯೇ ಹೊರತು ಹಿಂದೆ ಬರುವವಳಿಗೆ ಎಲ್ಲಿಯೂ ನಿಲ್ಲಲು ಸಿಗುವುದಿಲ್ಲವೆಂದು ನನಗೆ ಎಂದೂ ಹೊಳೆದಿರಲಿಲ್ಲ. ಗಂಡಸರೇ, ನಿಮ್ಮಲ್ಲಿ ಎಷ್ಟೋ ಮಂದಿ ಇದೇ ಜಾತಿಯವರೆಂದು ನಾನು ಬಲ್ಲೆ. ಪ್ರತಿ ಭಾನುವಾರ ನಿಮ್ಮನ್ನು ರಸ್ತೆಯಲ್ಲಿ ನೋಡುತ್ತೇನೆ.

ಬರ್ಲಿನ್ನಿನ ಮುಖ್ಯ ರೈಲು ನಿಲ್ದಾಣ 2006ರಲ್ಲಿ ಉದ್ಘಾಟನೆಯಾದದ್ದು. ಅಲ್ಲಿ ಗಾಡಿಗಳು ನೆಲದಾಳದಲ್ಲೊಂದು ಹಂತದಲ್ಲಿ, ತಲೆಯ ಮೇಲೊಂದು ಹಂತದಲ್ಲಿ ಓಡುತ್ತವೆ. ಮಗಳು ನಮ್ಮನ್ನು ಮೇಲಿನ ಪ್ಲಾಟ್‌ಫಾರ್ಮಿಗೆ ಹೋಗುವ ಮೆಟ್ಟಿಲ ಬಳಿ ಬಿಟ್ಟು ಕಚೇರಿಗೆ ಹೋದಳು. ಆ ದೇಶದ ಪ್ಲಾಟ್‌ಫಾರ್ಮುಗಳನ್ನು ಎ, ಬಿ, ಸಿ ಎಂದು ಭಾಗ ಮಾಡಿ, ಯಾವ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆಂದು ಫಲಕದಲ್ಲಿ ತೋರಿಸುತ್ತಾರೆ. ನಮ್ಮದು 26ನೆಯ ಬೋಗಿ. ಅದು ನಿಲ್ಲಬೇಕಾದ ಸ್ಥಳದಲ್ಲೇ ನಿಂತೆವು. ಗಾಡಿ ಬರುವ ಮುನ್ನ ಜರ್ಮನ್ ಭಾಷೆಯಲ್ಲಿ ಏನೋ ಘೋಷಣೆಯಾಯಿತು. ನಮ್ಮ ಸುತ್ತಲಿದ್ದವರು ಪೆಟ್ಟಿಗೆಗಳನ್ನು ಎಳೆದುಕೊಂಡು ಅತ್ತಿತ್ತ ಓಡಿದರು. ಬೋಗಿಗಳ ಸಾಲು ಅಂದು ತಿರುವುಮುರುವಾಗಿ ಬರುತ್ತಿದೆಯೆಂಬುದು ಆ ಘೋಷಣೆಯ ಅರ್ಥವೆಂದು ನಮಗೆ ತಿಳಿದದ್ದು ಆಮೇಲೆ. ನಮ್ಮ ಮುಂದೆ ಬಂದು ನಿಂತದ್ದು 36ನೆಯ ಬೋಗಿ. "ಒಳಗಿನಿಂದಲೇ ನಡೆದು ಹೋದರಾಯಿತು, ಹತ್ತು" ಎಂದು ಅವಳನ್ನು ಅವಸರಪಡಿಸಿ ಹತ್ತಿಸಿದೆ. ಅಲ್ಲಿ ಕಾಯ್ದಿರಿಸದ ಖಾಲಿ ಆಸನದಲ್ಲಿ ಯಾರು ಬೇಕಾದರೂ ಕೂರಬಹುದು. ಎರಡು ಆಸನ ಸಿಕ್ಕವು, ಕುಳಿತೆವು.

ಹ್ಯಾನೋವರ್ ದಾಟಿದ ಮೇಲೆ ಟಿಕೆಟ್ ಪರೀಕ್ಷಕರು ಬಂದರು. ನಮ್ಮ ಟಿಕೆಟ್ಟನ್ನು ನೋಡಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಬಹಳ ಸೌಜನ್ಯದಿಂದ ವಿಷಯವನ್ನು ತಿಳಿಸಿದರು. ಈ ಗಾಡಿ ವಾಸ್ತವವಾಗಿ ಎರಡು ಗಾಡಿಗಳ ಜೋಡಿ. ಹಾಮ್ ಎಂಬ ನಿಲ್ದಾಣದವರೆಗೆ ಒಂದಾಗಿ ಹೋಗಿ, ಅಲ್ಲಿ ಕಳಚಿಕೊಂಡು, ಒಂದು ಭಾಗ ಹಾಗನ್, ವುಪರ್ಟಾಲ್ ಮಾರ್ಗವಾಗಿ ಕೊಲೋನಿಗೂ, ಇನ್ನೊಂದು ಡಾರ್ಟ್‌ಮಂಡ್, ಎಸನ್ ಮಾರ್ಗವಾಗಿ ಡ್ಯೂಸೆಲ್‌ಡಾರ್ಫಿಗೂ ಹೋಗುತ್ತದೆ. ನಾವು ಕುಳಿತಿರುವುದು ಡ್ಯೂಸೆಲ್‌ಡಾರ್ಫಿನ ಭಾಗದಲ್ಲಿ. ಎರಡರ ನಡುವೆ ಒಳದಾರಿಯಿಲ್ಲ. ಆದ್ದರಿಂದ ಹಾಮ್‌ನಲ್ಲಿ ಗಾಡಿ ನಿಂತ ಕೂಡಲೇ ಇಬ್ಬರೂ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ನಡೆದು, ಮುಂದಿನ ಭಾಗವನ್ನು ಹತ್ತಬೇಕು.

ನಮಗೆ ಇದು ಹೊಸತಲ್ಲ. ಬೆಂಗಳೂರಿನಿಂದ ಹೊರಟು ಮಂಗಳೂರಿನಲ್ಲಿ ಎರಡಾಗಿ, ಅರ್ಧ ಕಣ್ಣೂರಿಗೂ ಅರ್ಧ ಕಾರವಾರಕ್ಕೂ ಹೋಗುತ್ತಿದ್ದ ಗಾಡಿಯಲ್ಲಿ ನಾವು ಪ್ರಯಾಣ ಮಾಡಿದವರೇ. ಆದರೆ ನಮ್ಮ ಗಾಡಿಗಳು ಕಳಚಿಕೊಳ್ಳಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಇಳಿದು, ಕಾಫಿ ಕುಡಿದು, ಪತ್ರಿಕೆ ಕೊಂಡು ಬರಬಹುದು. ಅಲ್ಲಿಯೂ ಹಾಗೆಯೇ ಇರುತ್ತದೆಂದು ನಾನು ಭಾವಿಸಿದ್ದು ನನ್ನ ತಪ್ಪು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಪರೀಕ್ಷಕರು "ಇಬ್ಬರೂ" ಎಂದಿದ್ದರು. ನಾನು ಮಾತ್ರ ಬೇರೆಯೇ ಲೆಕ್ಕ ಹಾಕಿದೆ. ಒಂದೊಂದು ಭಾಗವೂ 200 ಮೀಟರಿಗಿಂತ ಉದ್ದ. ಇವಳ ಕಾಲು ನೋವಿನಲ್ಲಿ, ಎರಡು ಚೀಲಗಳೊಡನೆ, ಅಷ್ಟು ದೂರ ನಡೆದು ಆಸನ ಹುಡುಕುವುದು ತಡವಾದೀತು. ಮೊದಲು ನಾನು ಹೋಗಿ ಸ್ಥಳ ನೋಡಿ, ಪೆಟ್ಟಿಗೆ ಇಟ್ಟು, ಬಂದು ಕರೆದೊಯ್ಯುತ್ತೇನೆ. "ನಾನು ಬರುವವರೆಗೆ ಇಲ್ಲಿಂದ ಏಳಬೇಡ" ಎಂದೆ. ಅವಳು, "ನಾನೂ ಈಗಲೇ ಬರುತ್ತೇನೆ, ನಿಧಾನವಾಗಿ ನಡೆಯೋಣ" ಎಂದಳು. "ನಿನ್ನ ನಿಧಾನದಿಂದಲೇ ಎಲ್ಲ ಕೆಡುವುದು" ಎಂದು ಗದರಿ ಇಳಿದುಬಿಟ್ಟೆ. ಆ ಮಾತನ್ನು ನೀವು ಮರೆಯಬೇಡಿ, ನನಗಂತೂ ಮರೆಯಲಾಗಿಲ್ಲ.

ಮುಂದಿನ ಭಾಗದ 26ನೆಯ ಬೋಗಿಯನ್ನು ಹತ್ತಿ, ನಮ್ಮ ಆಸನಗಳನ್ನು ಕಂಡುಹಿಡಿದು, ಪೆಟ್ಟಿಗೆಯನ್ನು ಮೇಲಿಟ್ಟು ತಿರುಗಿದೆ. ಬಾಗಿಲ ಬಳಿ ಬರುವಷ್ಟರಲ್ಲಿ ಸಣ್ಣದೊಂದು ಸದ್ದು ಕೇಳಿಸಿತು. ಬಾಗಿಲು ಮುಚ್ಚಿತು. ಗುಂಡಿಯನ್ನು ಒತ್ತಿದೆ, ಗಾಜನ್ನು ಬಡಿದೆ. ಗಾಡಿ ಸದ್ದಿಲ್ಲದೆ ಜಾರತೊಡಗಿತು. ನಮ್ಮ ರೈಲುಗಳು ಹೊರಡುವಾಗ ಒಮ್ಮೆ ಜಗ್ಗಿ ಎಚ್ಚರಿಸುತ್ತವೆ. ಇದಕ್ಕೆ ಅದೂ ಇರಲಿಲ್ಲ. ಹಿಂದಿನ ಭಾಗವು ಪ್ಲಾಟ್‌ಫಾರ್ಮಿನಲ್ಲಿಯೇ ನಿಂತಿತ್ತು. ನನ್ನ ಕಿಟಕಿ ತಿರುವಿನಲ್ಲಿ ಹೊರಳಿದಾಗ ಆ ಬಿಳಿಯ ಗಾಡಿಯ ಮೂತಿ ಒಂದು ಕ್ಷಣ ಕಂಡು ಮರೆಯಾಯಿತು. ಅದರೊಳಗೆ, ನಾನು ಹೇಳಿದ ಮಾತಿಗೆ ಕಟ್ಟುಬಿದ್ದು, ಏಳದೆ ಕುಳಿತವಳು ನನ್ನ ಮಡದಿ. ಅವಳ ಬಳಿ ಟಿಕೆಟ್ಟಿಲ್ಲ, ಪಾಸ್‌ಪೋರ್ಟಿಲ್ಲ, ಹಣವಿಲ್ಲ, ಫೋನ್ ಕೆಲಸ ಮಾಡುವುದಿಲ್ಲ. ಇಂಗ್ಲಿಷ್ ಓದಬಲ್ಲಳಾದರೂ ಅಪರಿಚಿತರೊಡನೆ ಮಾತಾಡಲು ಹಿಂಜರಿಯುವವಳು.

ಮಗಳಿಗೆ ಕರೆ ಮಾಡಿದೆ. ಸಭೆಯಲ್ಲಿದ್ದಳೆಂದು ಕಾಣುತ್ತದೆ, ಎತ್ತಲಿಲ್ಲ. ನಮ್ಮ ಭಾಗದ ಪರೀಕ್ಷಕಿಯನ್ನು ಹುಡುಕಿ, ನಡುಗುವ ದನಿಯಲ್ಲಿ ಹೇಳಿಕೊಂಡೆ. ಆಕೆ ನನ್ನನ್ನು ಕುಳ್ಳಿರಿಸಿ, ಹಿಂದಿನ ಗಾಡಿಗೆ ಫೋನ್ ಮಾಡಿ, "ನಿಮ್ಮ ಪತ್ನಿಯನ್ನು ಡ್ಯೂಸೆಲ್‌ಡಾರ್ಫಿನಲ್ಲಿ ಇಳಿಸಿಕೊಳ್ಳುತ್ತಾರೆ, ನೀವು ಕೊಲೋನಿನಲ್ಲಿಯೇ ಇಳಿಯಿರಿ. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಟರೆ ಮತ್ತೆ ತಪ್ಪಿಸಿಕೊಳ್ಳುತ್ತೀರಿ" ಎಂದರು. ವುಪರ್ಟಾಲ್ ನಗರದಲ್ಲಿ 1901ರಿಂದ ಓಡುತ್ತಿರುವ ತೂಗುರೈಲು ಇದೆ. ನದಿಯ ಮೇಲೆ, ತಲೆಕೆಳಗಾಗಿ ಕಂಬಿಗೆ ನೇತುಬಿದ್ದು ಸಾಗುತ್ತದೆ. ಕಿಟಕಿಯಿಂದ ಕಾಣಬಹುದೇನೋ ನೋಡಿರೆಂದು ಮಗಳು ಹಾಳೆಯಲ್ಲಿ ಬರೆದಿದ್ದಳು. ನಾನು ಆ ಊರನ್ನು ದಾಟಿದ್ದೇ ತಿಳಿಯಲಿಲ್ಲ. ನನ್ನ ಕಿವಿಯಲ್ಲಿ ನನ್ನದೇ ಮಾತು ಮೊಳಗುತ್ತಿತ್ತು.

ಆಗ ನೆನಪಾದದ್ದು ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯ. ಪಾಸ್ಖ ಹಬ್ಬ ಮುಗಿಸಿ ಜೆರುಸಲೇಮಿನಿಂದ ಹಿಂದಿರುಗುವಾಗ, ಹನ್ನೆರಡು ವರ್ಷದ ಯೇಸು ಯಾತ್ರಿಕರ ಗುಂಪಿನಲ್ಲಿಯೇ ಇದ್ದಾನೆಂದು ಭಾವಿಸಿ, ಜೋಸೆಫರೂ ಮರಿಯಮ್ಮನವರೂ ಒಂದು ದಿನದ ದಾರಿ ನಡೆದುಬಿಟ್ಟಿದ್ದರು. ಮಗು ತಾಯಿಯ ಜೊತೆಗಿರಬೇಕೆಂದು ತಂದೆಯೂ, ತಂದೆಯ ಜೊತೆಗಿರಬೇಕೆಂದು ತಾಯಿಯೂ ತಿಳಿದರೆಂದು ಗುರುಗಳು ಪ್ರಬೋಧನೆಯಲ್ಲಿ ವಿವರಿಸುವುದನ್ನು ನೀವೂ ಕೇಳಿರಬಹುದು. ಜಪಸರದ ಸಂತೋಷದ ರಹಸ್ಯಗಳಲ್ಲಿ ಐದನೆಯದಾಗಿ ಅದನ್ನು ಎಷ್ಟು ಸಾವಿರ ಸಲ ಧ್ಯಾನಿಸಿದ್ದೇನೋ! ಆದರೂ ಅದರ ಒಳಗಿದ್ದ ಒಂದು ಸರಳ ಸಂಗತಿ ಅಂದು ಮಾತ್ರ ನನಗೆ ತಾಕಿತು. ಆ ಪವಿತ್ರ ಕುಟುಂಬದವರು ತಪ್ಪಿಸಿಕೊಂಡದ್ದು ಪ್ರೀತಿಯ ಕೊರತೆಯಿಂದಲ್ಲ, ಜೊತೆಯಲ್ಲಿಯೇ ಇದ್ದೇವೆಂಬ ನಂಬಿಕೆಯಿಂದ. ಅವರಿಗಾದರೋ ಅದು ಒಂದು ದಿನದ ಭಾವನೆ. ನನಗೆ ಅದು ನಲವತ್ತು ವರ್ಷಗಳದ್ದು. ಹಿಂದೆ ಬರುತ್ತಿದ್ದಾಳೆಂದು ಭಾವಿಸಿಕೊಂಡು, ಹಿಂದಿರುಗಿ ನೋಡದೆ, ಎಷ್ಟು ದಿನಗಳ ದಾರಿಯನ್ನು ನಾನೊಬ್ಬನೇ ನಡೆದಿದ್ದೆನೋ!

ಕೊಲೋನ್ ಹತ್ತಿರವಾದಾಗ ಗಾಡಿ ನಿಧಾನವಾಗಿ ರೈನ್ ನದಿಯ ಹೊಹೆನ್‌ಜೊಲರ್ನ್ ಸೇತುವೆಯನ್ನೇರುತ್ತದೆ. ಸೇತುವೆಯ ಆಚೆ ತುದಿಯಲ್ಲಿ ನೇರ ಎದುರಿಗೆ ಪ್ರಧಾನಾಲಯದ ಜೋಡಿ ಗೋಪುರಗಳು. ಅದನ್ನು ನೋಡಲೆಂದೇ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದವನು ನಾನು. ಬೋಗಿಯಲ್ಲಿದ್ದವರೆಲ್ಲ ಕಿಟಕಿಯತ್ತ ಬಾಗಿದರು. ನಾನು ತಲೆ ತಗ್ಗಿಸಿ ಫೋನನ್ನೇ ನೋಡುತ್ತಿದ್ದೆ. ನಿಲ್ದಾಣದಿಂದ ಹೊರಬಂದರೆ ಆ ದೇವಾಲಯ ಕೂಗಳತೆಗಿಂತಲೂ ಹತ್ತಿರ. ಆದರೆ ಒಳಗೆ ಹೋಗಲು ಕಾಲು ಬರಲಿಲ್ಲ. ನೋಡಿದ್ದನ್ನು ತೋರಿಸಲು ಪಕ್ಕದಲ್ಲಿ ಯಾರೂ ಇಲ್ಲದಿರುವಾಗ ನೋಡುವುದಾದರೂ ಏನನ್ನು?

ಅಷ್ಟರಲ್ಲಿ ಮಗಳ ಕರೆ ಬಂತು. "ಅಪ್ಪಾ, ಗಾಬರಿಯಾಗಬೇಡಿ. ಅಮ್ಮ ಸುರಕ್ಷಿತವಾಗಿದ್ದಾರೆ, ಚಹ ಕುಡಿಯುತ್ತಿದ್ದಾರೆ" ಎಂದಳು. ನಡೆದದ್ದನ್ನು ಅವಳಿಂದಲೂ ಆಮೇಲೆ ನನ್ನಾಕೆಯಿಂದಲೂ ಕೇಳಿ ತಿಳಿದೆ. ಡ್ಯೂಸೆಲ್‌ಡಾರ್ಫಿನಲ್ಲಿ ಗಾಡಿ ನಿಂತಾಗ ಎಲ್ಲರೂ ಇಳಿದರೂ ಇವಳು ಇಳಿಯಲಿಲ್ಲವಂತೆ. ನಾನು ಬರುವವರೆಗೆ ಏಳಬೇಡವೆಂದಿದ್ದೆನಲ್ಲ! ಪರೀಕ್ಷಕರು ನೀಲಿ ಮೇಲಂಗಿ ತೊಟ್ಟ ಒಬ್ಬ ವಯಸ್ಸಾದ ಮಹಿಳೆಯನ್ನು ಕರೆತಂದರು. ಆಕೆ ಇವಳ ಎದುರು ಕುಳಿತು, ಕೈಹಿಡಿದು, ಏನೋ ಕೇಳಿದರು. ಇವಳು ಜಪಸರದ ಚೀಲವನ್ನು ಬಿಚ್ಚಿ ಚೀಟಿಯನ್ನು ಕೊಟ್ಟಳು. ಅವರು ತಮ್ಮ ಫೋನಿನಿಂದಲೇ ಕರೆ ಮಾಡಿದರು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದವಳು, ಆ ಕಡೆಯಿಂದ "ಅಮ್ಮಾ" ಎಂಬ ಕನ್ನಡದ ದನಿ ಕೇಳಿದ ಕೂಡಲೇ ಅತ್ತುಬಿಟ್ಟಳಂತೆ. ನಾನು ನಕ್ಕಿದ್ದ ಆ ಚೀಟಿ ನಮ್ಮಿಬ್ಬರನ್ನೂ ಉಳಿಸಿತು.

ಆ ನೀಲಿ ಮೇಲಂಗಿಯವರು ಯಾರೆಂಬುದನ್ನು ನೀವು ತಿಳಿದಿರಬೇಕು. ಜರ್ಮನಿಯ ಸುಮಾರು ನೂರು ರೈಲು ನಿಲ್ದಾಣಗಳಲ್ಲಿ 'ಬಾನ್‌ಹೋಫ್ಸ್‌ಮಿಸಿಯೋನ್', ಅಂದರೆ ನಿಲ್ದಾಣದ ಸೇವಾಕೇಂದ್ರ ಎಂಬ ಕ್ರೈಸ್ತ ಸಂಸ್ಥೆಯಿದೆ. ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ನಗರಕ್ಕೆ ಬಂದಿಳಿಯುವ ಎಳೆಯ ಹೆಣ್ಣುಮಕ್ಕಳು ಮೋಸಗಾರರ ಕೈಗೆ ಸಿಲುಕದಿರಲೆಂದು 1894ರಲ್ಲಿ ಬರ್ಲಿನ್ನಿನ ಪ್ರೊಟೆಸ್ಟೆಂಟ್ ಪಾಸ್ಟರ್ ಯೊಹಾನ್ನಸ್ ಬುರ್ಕ್‌ಹಾರ್ಟ್ ಇದನ್ನು ಆರಂಭಿಸಿದರು. 1897ರಲ್ಲಿ ಮ್ಯೂನಿಕ್ ನಗರದಲ್ಲಿ ಎಲೆನ್ ಅಮ್ಮಾನ್ ಎಂಬ ಸ್ವೀಡನ್ ಮೂಲದ ಗೃಹಿಣಿ ಕಥೋಲಿಕರ ಪರವಾಗಿ ಇಂಥದೇ ಕೇಂದ್ರವನ್ನು ತೆರೆದರು. ನಾಜಿಗಳ ಕಾಲದಲ್ಲಿ ಇವುಗಳನ್ನು ಮುಚ್ಚಿಸಲಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ತೆರೆದವು. ಇಂದು ಎರಡೂ ಸಭೆಗಳವರು ಕೂಡಿ ನಡೆಸುವ ಈ ಸೇವೆಗೆ ಶುಲ್ಕವಿಲ್ಲ. ಜಾತಿ, ಮತ, ದೇಶಗಳ ಪ್ರಶ್ನೆಯಿಲ್ಲ. ದಾರಿ ತಪ್ಪಿದವರು, ಗಾಡಿ ತಪ್ಪಿಸಿಕೊಂಡವರು, ಒಬ್ಬರೇ ಪಯಣಿಸುವ ವೃದ್ಧರು, ಮನೆಯಿಲ್ಲದವರು ಯಾರೇ ಬರಲಿ, ಒಂದು ಕುರ್ಚಿ, ಒಂದು ಬಿಸಿ ಪಾನೀಯ, ಒಂದು ಕಿವಿ ಅಲ್ಲಿ ಸಿಗುತ್ತದೆ. ಸೇವೆ ಮಾಡುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಅಪರಿಚಿತನನ್ನು ಬರಮಾಡಿಕೊಂಡವನು ತನ್ನನ್ನೇ ಬರಮಾಡಿಕೊಂಡನೆಂದು ಪ್ರಭು ಹೇಳಿದ್ದನ್ನು ರೈಲಿನ ಸದ್ದಿನ ನಡುವೆ ಪಾಲಿಸುತ್ತಿರುವವರು ಇವರು.

ಡ್ಯೂಸೆಲ್‌ಡಾರ್ಫಿನಿಂದ ಕೊಲೋನಿಗೆ ರೈಲಿನಲ್ಲಿ ಅರ್ಧ ಗಂಟೆಯ ಹಾದಿ. ಆ ತಾಯಿ ನನ್ನಾಕೆಯನ್ನು ಗಾಡಿ ಹತ್ತಿಸಿ, ಎದುರು ಕುಳಿತ ವಿದ್ಯಾರ್ಥಿನಿಯೊಬ್ಬಳಿಗೆ ಒಪ್ಪಿಸಿ, ಕೊಲೋನಿನ ತಮ್ಮ ಕೇಂದ್ರಕ್ಕೆ ಫೋನ್ ಮಾಡಿದರು. ಮಗಳು ಹೇಳಿದಂತೆ ನಾನು ಅಲ್ಲಿಗೆ ಹೋಗಿ ನಿಂತಾಗ, ಅಲ್ಲಿಯ ನೀಲಿ ಮೇಲಂಗಿಯ ಯುವಕ ನನ್ನನ್ನು ಸರಿಯಾದ ಪ್ಲಾಟ್‌ಫಾರ್ಮಿಗೆ ಕರೆದೊಯ್ದ. ಗಾಡಿ ಬಂತು. ಇಳಿಯುವವರ ನೂಕುನುಗ್ಗಲು ಕರಗಿದ ಮೇಲೆ, ಎಲ್ಲರಿಗಿಂತ ಕೊನೆಯಲ್ಲಿ, ಬಾಗಿಲ ಕಂಬಿಯನ್ನು ಹಿಡಿದುಕೊಂಡು, ನಿಧಾನವಾಗಿ ಅವಳು ಇಳಿದಳು.

ಬೈಗುಳಕ್ಕೆ ಸಿದ್ಧನಾಗಿಯೇ ನಿಂತಿದ್ದೆ. ಅವಳು ಹತ್ತಿರ ಬಂದು ಕೇಳಿದ್ದು ಒಂದೇ ಮಾತು: "ಏನಾದರೂ ತಿಂದಿರಾ? ಮಾತ್ರೆ ನನ್ನ ಚೀಲದಲ್ಲೇ ಉಳಿದುಬಿಟ್ಟಿತ್ತಲ್ಲ, ದಾರಿಯುದ್ದಕ್ಕೂ ಅದೇ ಯೋಚನೆ."

ಟಿಕೆಟ್ಟೂ ಹಣವೂ ಇಲ್ಲದೆ, ಭಾಷೆ ಗೊತ್ತಿಲ್ಲದ ನಾಡಿನಲ್ಲಿ, ತಾನೆಲ್ಲಿಗೆ ಹೋಗುತ್ತಿದ್ದೇನೆಂದೂ ತಿಳಿಯದೆ ಕುಳಿತಿದ್ದವಳ ಯೋಚನೆ ನನ್ನ ಮಾತ್ರೆಯದು. ನಾನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಅವಳು ಕೊಟ್ಟ ಚಪಾತಿಯನ್ನು ತಿಂದೆ. ಗಂಟಲಿನಲ್ಲಿ ಇಳಿಯಲಿಲ್ಲ.

ಅನಂತರ ಇಬ್ಬರೂ ದೇವಾಲಯದೊಳಕ್ಕೆ ಹೋದೆವು. ಪ್ರಧಾನ ಬಲಿಪೀಠದ ಹಿಂದೆ ಮೂವರು ಜ್ಞಾನಿಗಳ ಚಿನ್ನದ ಪೆಟ್ಟಿಗೆಯಿದೆ. ಅವರದೆಂದು ನಂಬಲಾದ ಪವಿತ್ರ ಅವಶೇಷಗಳನ್ನು 1164ರಲ್ಲಿ ಇಟಲಿಯ ಮಿಲಾನಿನಿಂದ ಅಲ್ಲಿಗೆ ತರಲಾಯಿತು. ಅವಕ್ಕೆ ತಕ್ಕ ಮಂದಿರ ಬೇಕೆಂದೇ ಆ ಬೃಹತ್ ದೇವಾಲಯವನ್ನು ಕಟ್ಟಲಾರಂಭಿಸಿದರು. ನಕ್ಷತ್ರವನ್ನು ನೋಡಿ ಹೊರಟ ಆ ಜ್ಞಾನಿಗಳೂ ದಾರಿ ತಪ್ಪಿ ಹೆರೋದನ ಅರಮನೆಗೆ ಹೋದವರೇ, ದಾರಿ ಕೇಳಿ ತಿಳಿದವರೇ. ಕೊನೆಗೆ ಬಂದ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದ ಊರಿಗೆ ಮರಳಿದರೆಂದು ಮತ್ತಾಯನು ಬರೆಯುತ್ತಾನೆ. ಮಗುವನ್ನು ಕಂಡ ಮೇಲೆ ಅವರಿಗೆ ಹಳೆಯ ದಾರಿ ಉಳಿಯಲಿಲ್ಲ.

ಅಲ್ಲಿ ಮೊಣಕಾಲೂರಲಾಗದೆ ಬೆಂಚಿನ ಮೇಲೆ ಕುಳಿತ ನನ್ನಾಕೆ, ಪ್ರಾರ್ಥನೆ ಮುಗಿಸಿ, ನಗುತ್ತಲೇ ಹೇಳಿದಳು: "ಯಾವಾಗಲೂ ನೀವು ಮುಂದೆ ಹೋಗಿಬಿಡುತ್ತಿದ್ದಿರಿ. ಇವತ್ತು ಗಾಡಿಯೇ ನಿಮ್ಮನ್ನು ಮುಂದೆ ಕರೆದುಕೊಂಡು ಹೋಯಿತು." ನಾನು ಕ್ಷಮೆ ಕೇಳಿದೆ. ನಲವತ್ತು ವರ್ಷಗಳಲ್ಲಿ ಬಾಯಿಬಿಟ್ಟು ಕೇಳಿದ ಮೊದಲ ಕ್ಷಮೆ ಅದಾಗಿರಬಹುದು. ಅವಳಿಗೆ ಅದು ಬೆಳಗಿನ ಒಂದು ಮಾತಿಗಾಗಿ ಎಂದು ತೋರಿತೇನೋ. ನಾನು ಕೇಳಿದ್ದು ಅದಕ್ಕೊಂದಕ್ಕೇ ಅಲ್ಲ.

ಇನ್ನು, ಪ್ರಯಾಣಕ್ಕೆ ಹೊರಡುವ ಕುಟುಂಬಗಳಿಗೆ ನಾನು ಅಂದು ಅಂಗಳದಲ್ಲಿ ಹೇಳಿದ ಮಾತುಗಳನ್ನು ಇಲ್ಲಿಯೂ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬಂದಾವು. ಗಾಡಿ ಹತ್ತುವ ಮುನ್ನ ಗಾಡಿಯ ಸಂಖ್ಯೆಯನ್ನಷ್ಟೇ ಅಲ್ಲ, ಬೋಗಿಯ ಬಾಗಿಲ ಬಳಿ ಬರೆದಿರುವ ಊರಿನ ಹೆಸರನ್ನೂ ಓದಿರಿ. ಇಟಲಿಯಲ್ಲಿ ಪ್ರಾದೇಶಿಕ ಗಾಡಿಗಳ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳದಿದ್ದರೆ, ಹಣ ಕೊಟ್ಟು ಕೊಂಡ ಟಿಕೆಟ್ಟಿಗೂ ದಂಡ ತೆರಬೇಕಾಗುತ್ತದೆ. ಗಾಡಿ ತಡವಾದರೆ ಎದೆಗುಂದಬೇಡಿ. ಯೂರೋಪಿಯನ್ ಒಕ್ಕೂಟದಲ್ಲಿ 2023ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ತಲುಪುವುದು ಒಂದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ಟಿಕೆಟ್ ದರದ ಶೇಕಡಾ 25, ಎರಡು ಗಂಟೆ ದಾಟಿದರೆ ಶೇಕಡಾ 50 ಪರಿಹಾರ ಕೇಳಬಹುದು. ವಿಪರೀತ ಹವಾಮಾನದಂಥ ಕೆಲವು ಕಾರಣಗಳಿಗೆ ಮಾತ್ರ ವಿನಾಯಿತಿಯಿದೆ. ಆದ್ದರಿಂದ ಟಿಕೆಟ್ಟನ್ನು ಎಸೆಯಬೇಡಿ.

ಇವೆಲ್ಲಕ್ಕಿಂತ ಮುಖ್ಯವಾಗಿ, ಮನೆಯ ಪ್ರತಿಯೊಬ್ಬರ ಬಳಿಯೂ ತಮ್ಮ ಟಿಕೆಟ್ಟಿನ ಪ್ರತಿ, ಪಾಸ್‌ಪೋರ್ಟು, ಸ್ವಲ್ಪ ಹಣ, ಮತ್ತು ಕಾಗದದ ಮೇಲೆ ಬರೆದ ಒಂದು ಫೋನ್ ಸಂಖ್ಯೆ ಇರಲಿ. ಎಲ್ಲವನ್ನೂ ಯಜಮಾನನ ಚೀಲದಲ್ಲಿಡುವುದು ಜಾಣತನವಲ್ಲ, ಅಹಂಕಾರ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿರಿ. ಇಳಿಯಬೇಕಾದಾಗ ಎಲ್ಲರೂ ಒಟ್ಟಿಗೆ ಇಳಿಯಿರಿ. ಆಸನ ಹೋದರೆ ಹೋಗಲಿ, ಗಾಡಿ ಹೋದರೂ ಹೋಗಲಿ. ಅಲ್ಲಿ ಮುಂದಿನ ಗಾಡಿ ಇದ್ದೇ ಇರುತ್ತದೆ. ಅತ್ಯಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಇಡೀ ಕುಟುಂಬದ ಹೆಜ್ಜೆಯಾಗಲಿ.

ಮೈಸೂರಿಗೆ ಮರಳಿದ ಮೊದಲ ಭಾನುವಾರ ನಾವು ಎಂದಿನಂತೆ ದೇವಾಲಯಕ್ಕೆ ಹೊರಟೆವು. ಅಶೋಕ ರಸ್ತೆಯಲ್ಲಿ ನನ್ನ ಕಾಲುಗಳು ಹಳೆಯ ಅಭ್ಯಾಸದಂತೆ ಮುಂದೆ ಓಡಿದವು. ಎಂಟು ಹತ್ತು ಹೆಜ್ಜೆ ಹೋದ ಮೇಲೆ ನೆನಪಾಗಿ ನಿಂತೆ. ಅವಳು ಹತ್ತಿರ ಬಂದಳು. ಈ ಸಲ ನಾನು ಮತ್ತೆ ಹೊರಡಲಿಲ್ಲ. "ಸ್ವಲ್ಪ ನಿಲ್ಲೋಣ" ಎಂದೆ. ಅವಳು ಉಸಿರು ತೆಗೆದುಕೊಂಡಳು. ಇಬ್ಬರೂ ತಲೆಯೆತ್ತಿ ಎದುರಿನ ಗೋಪುರಗಳನ್ನು ನೋಡಿದೆವು. ಅಂದಿನಿಂದ ಮನೆಯಿಂದ ದೇವಾಲಯಕ್ಕೆ ನಮಗೆ ಐದು ನಿಮಿಷ ಹೆಚ್ಚು ಬೇಕು. ಐದು ನಿಮಿಷ ಮೊದಲೇ ಹೊರಡುತ್ತೇವೆ. ಕೆಲವೊಮ್ಮೆ ಹಳೆಯ ಚಾಳಿ ಮರುಕಳಿಸುವುದುಂಟು. ಆಗ ಅವಳು ಹಿಂದಿನಿಂದ "ಹಾಮ್!" ಎಂದು ಒಂದೇ ಮಾತು ಕೂಗುತ್ತಾಳೆ. ನಾನು ನಿಲ್ಲುತ್ತೇನೆ.

ನಮ್ಮೆಲ್ಲರ ಬಾಳಿನ ಗಾಡಿಯೂ ಎಂದಾದರೊಂದು ನಿಲ್ದಾಣದಲ್ಲಿ ಎರಡಾಗಲೇಬೇಕು. ಅಲ್ಲಿ ಒಬ್ಬರು ಮುಂದೆ ಹೋಗುತ್ತಾರೆ, ಒಬ್ಬರು ಉಳಿಯುತ್ತಾರೆ. ಆ ಬೇರ್ಪಡುವಿಕೆ ದೇವರ ಕೈಯಲ್ಲಿದೆ. ಕೊನೆಯ ನಿಲ್ದಾಣದಲ್ಲಿ ಮತ್ತೆ ಸೇರುತ್ತೇವೆಂಬುದೇ ನಮ್ಮ ವಿಶ್ವಾಸ. ಅದಕ್ಕೆ ಮುಂಚೆ ನಮ್ಮ ಅವಸರದಿಂದ ನಾವೇ ಕಳಚಿಕೊಳ್ಳುವುದು ಬೇಡ. ಓದುಗರೇ, ಮುಂದಿನ ಭಾನುವಾರ ದೇವಾಲಯಕ್ಕೆ ಹೋಗುವಾಗ ಒಮ್ಮೆ ಹಿಂದಿರುಗಿ ನೋಡಿರಿ. ನಿಮ್ಮವರು ಎಷ್ಟು ಹೆಜ್ಜೆ ಹಿಂದಿದ್ದಾರೆ?